ಅಟ್ಟಕ್ಕೆ ಗೋಡೆಯಿಲ್ಲ

ಶನಿವಾರ, ಸಂಜೆ

ಚಿ. ಸೌ. ದ್ರಾಕ್ಷಾಯಣಮ್ಮನಿಗೆ ಭಾವನ ಆಶೀರ್ವಾದ.

ಹಾಂ, ನಿನ್ನೆ ಫೋನಿನಲ್ಲಿ ಎಲ್ಲಿಗೆ ನಿಲ್ಲಿಸಿದ್ದೆ? ಪುರಸಭೆಯವರು ನೋಟೀಸು ಅಂಟಿಸಿದ ಗೋಂದಿಗೆ. ನಿಮ್ಮಣ್ಣ ಸ್ಪೀಕರ್ ಹಾಕಿಕೊಂಡು ಕೇಳುತ್ತಿದ್ದರೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ನಿಮ್ಮೂರು ಸಂಪಿಗೆಗೆ ಬರುವ ರಂಗನಾಥನ ಕೈಲಿ ಕೊಡುತ್ತೇನೆ.

ಬ್ಯಾಂಕಿನವರು ಸಾಲಕ್ಕೆ ನಿಮ್ಮ ಮನೆಗೆ ಬೀಗ ಜಡಿದು, ನೀನು ತವರಿಗೆ ಹೋಗಿ, ನನ್ನ ತಮ್ಮ ಪರಮೇಶ ಹೇಳದೆ ಕೇಳದೆ ಕಾಣೆಯಾದ ಮೇಲೆ ಆ ಅಂಗಳದ ಗತಿ ನೋಡಬಾರದು. ಪಾರ್ಥೇನಿಯಂ ಎದೆಯುದ್ದ. ತೊಟ್ಟಿಯಲ್ಲಿ ಹುಳ. ಬೀದಿಯವರೆಲ್ಲ ಕೋಳಿಪುಕ್ಕ, ಮಕ್ಕಳ ಡೈಪರ್ ತಂದು ಕಾಂಪೌಂಡಿನೊಳಕ್ಕೆ ಎಸೆಯುತ್ತಾರೆ. ಅಸಹ್ಯಕ್ಕೆ ಕಾಲೇಜಿನಲ್ಲಿ ಒಂದು ಒಳ್ಳೆಯ ಇಂಗ್ಲಿಷ್ ಪದ ಕಲಿತಿದ್ದೆ, ರಿಪಲ್ಸೋ ರಿವಲ್ಸೋ, ಬರುತ್ತಿಲ್ಲ. ನಾತ ಮಾತ್ರ ನಡುಗೋಡೆ ದಾಟಿ ನನ್ನ ಊಟದ ತಟ್ಟೆಯವರೆಗೂ ಬರುತ್ತದೆ.

ಬ್ಯಾಂಕಿನಲ್ಲಿ ಕೇಳಿದರೆ ಕ್ಲೀನಿಂಗು ಪುರಸಭೆಯದಂತೆ. ಪುರಸಭೆಯಲ್ಲಿ ಕೇಳಿದರೆ, ಖಾಲಿ ಮನೆ ಯಾರ ಸುಪರ್ದಿಯಲ್ಲಿದೆಯೋ ಅವರೇ ಚೊಕ್ಕಟ ಮಾಡಬೇಕೆಂದು ರೂಲ್ಸಂತೆ. ಹೆಲ್ತ್ ಇನ್ಸ್‌ಪೆಕ್ಟರ್ ರವೀಂದ್ರ ಬಂದು ಬ್ಯಾಂಕಿನ ಅರಗಿನ ಮುದ್ರೆಯ ಪಕ್ಕದಲ್ಲೇ ನೋಟೀಸು ಮೆತ್ತಿದ: ‘ಈ ಮನೆಯಲ್ಲಿ ವಾಸವಿರುವವರ ಗಮನಕ್ಕೆ’. ಬೀಗ ಹಾಕಿರೋ ಮನೇಲಿ ಯಾರು ಓದ್ತಾರೆ ಕಣ್ರೀ, ಹೆಗ್ಗಣವಾ ಅಂದೆ. ಅಂಟ್ಸೋದಷ್ಟೇ ಸಾರ್ ನನ್ ಡ್ಯೂಟಿ, ಓದ್ಸೋದಲ್ಲ ಅಂದ. ಆ ಗೋಂದನ್ನು ಬೀದಿ ಹಸು ನೆಕ್ಕಿಕೊಂಡು ಹೋಯಿತು. ಥೂ.

ಈಗ ಹೊಸ ಪೀಕಲಾಟ. ಖಾಲಿ ಮನೆಯಲ್ಲಿ ಯಾರೋ ಓಡಾಡುತ್ತಾರೆಂದು ಎದುರು ಮನೆ ಸಿದ್ದಮ್ಮ ದೂರು ಕೊಟ್ಟಿದ್ದಾಳೆ. ಹೆಗ್ಗಣ ಕಣಮ್ಮ, ಬುಡು ಅಂದೆ. ಬೀಡಿ ಸೇದೋ ಹೆಗ್ಗಣ ನಾನು ಕಾಣೆ ಕಣಪ್ಪ ಅಂದಳು. ಸೋಮವಾರ ಪುರಸಭೆಯವರು ಪೊಲೀಸರನ್ನು ಕರೆತಂದು, ಬೀಗ ಒಡೆದು, ಅಟ್ಟದವರೆಗೂ ಖಾಲಿ ಮಾಡಿಸುತ್ತಾರಂತೆ.

ಅಟ್ಟ! ನಮ್ಮಪ್ಪ ಮನೆ ಪಾಲು ಮಾಡುವಾಗ ನೆಲದಿಂದ ಗೋಡೆ ಎಬ್ಬಿಸಿ ಅಟ್ಟದ ಕೆಳಗೇ ನಿಲ್ಲಿಸಿದರು. ಅಣ್ಣತಮ್ಮಂದಿರು ಬೇರೆಯಾದರೂ ಕಾಯಿ ಒಟ್ಟಿಗೇ ಒಣಗಿ ಕೊಬ್ಬರಿಯಾಗಲಿ ಅಂತ. ಈಗಲೂ ನನ್ನ ಏಣಿ ಹತ್ತಿದರೆ ನಿಮ್ಮ ಅಡಿಗೆಮನೆಗೆ ಇಳಿಯಬಹುದು, ಅದು ಯಾವ ಪುರಸಭೆಯ ನಕ್ಷೆಯಲ್ಲೂ ಇಲ್ಲ. ನನ್ನವಳು ಸಾಯುವ ಮುಂಚೆ ಏರಿಸಿದ ಕಾಯಿ ಅಲ್ಲಿವೆ. ಅವನ್ನು ಕಸದ ಟ್ರ್ಯಾಕ್ಟರಿಗೆ ತುಂಬುತ್ತಾರಲ್ಲ ಎಂಬುದೇ ನನ್ನ ಸಂಕಟ, ಬೇರೇನಿಲ್ಲ.

ಪರಮೇಶನ ವಿಷಯ ನೀನು ಕೇಳಿದ್ದೆ. ನನಗೇನೂ ಗೊತ್ತಿಲ್ಲ. ಹುಳಿಯಾರಿನ ಕಡೆ ಯಾವುದೋ ಮಂಡಿಯಲ್ಲಿದ್ದಾನೆಂದು ಯಾರೋ ಅಂದರು. ಊಟಕ್ಕೆ ತೊಂದರೆಯಿಲ್ಲ. ಗಡ್ಡ ಬಿಟ್ಟಿದ್ದಾನೆ. ಮೊನ್ನೆಯಿಂದ ಸ್ವಲ್ಪ ಕೆಮ್ಮು.

ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ನಿಲ್ಲಿಸುತ್ತೇನೆ.

ನಿನ್ನ ಭಾವ,
ನಂಜುಂಡಪ್ಪ

ತಾ. ಕ.: ಸುಳ್ಳು ಬರೆದೆ, ತಾಯಿ. ನೋಟೀಸಿನಲ್ಲಿರುವ ‘ವಾಸವಿರುವವರು’ ಪರಮೇಶನೇ. ಬೀಗ ಬಿದ್ದ ವಾರಕ್ಕೇ ನನ್ನ ಅಟ್ಟ ಹತ್ತಿ ಆಚೆಗೆ ಇಳಿದ. ಬೀದೀಲಿ ಹೆಂಗಣ್ಣ ಮುಖ ತೋರ್ಸ್ಲಿ ಅನ್ನುತ್ತಾನೆ. ನಾನು ಕೊಟ್ಟ ಮುದ್ದೆ ಉಂಡು, ಸಾರಿಗೆ ಉಪ್ಪು ಸಾಲದೆಂದು ನನ್ನನ್ನೇ ಬಯ್ಯುತ್ತಾನೆ. ಯಾರಿಗೂ ಹೇಳುವುದಿಲ್ಲವೆಂದು ಆಣೆ ಇಟ್ಟಿದ್ದೆ, ಮುರಿದೆ. ಪೊಲೀಸರು ಕಳ್ಳನೆಂದು ಹಿಡಿದುಕೊಂಡು ಹೋಗುವ ಮುಂಚೆ, ಈ ಕಾಗದ ಕೈಸೇರಿದ ಕೂಡಲೇ, ಭಾನುವಾರವೇ ಬಾ. ನಾನು ಕರೆದರೆ ಈಚೆಗೆ ಬರುವುದಿಲ್ಲ. ಏಣಿ ಹಾಕಿಟ್ಟಿರುತ್ತೇನೆ, ನೀನು ಹತ್ತಿ ಒಂದು ಸಲ ಕೂಗು.