ದೊಡ್ಡಪ್ಪ ಸಾಕಿದ ತೆಂಗು

14 ನವೆಂಬರ್ 2025, ಶುಕ್ರವಾರ

ಕೇಸು ಗೆದ್ದರೂ ಹೊಟ್ಟೆಯುರಿ ಆರಿಲ್ಲ. ಅಪ್ಪ ಸತ್ತ ವರ್ಷವೇ ದೊಡ್ಡಪ್ಪ ನಮ್ಮ ಹೊಲಕ್ಕೆ ನುಗ್ಗಿ, ಅದು ತನ್ನದೆಂದು ತೋರಿಸಲು ತೆಂಗಿನ ಸಸಿ ನೆಟ್ಟಿದ್ದ. ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರು ಹಾಕಿದ. ಅವು ಈಗಷ್ಟೇ ಮೊದಲ ಫಸಲು ಬಿಟ್ಟಿವೆ. ಇಂದು ತೀರ್ಪಾಯಿತು: ಹೊಲವೂ ನಮ್ಮದು, ಮರಗಳೂ ನಮ್ಮವು.

ಕೋರ್ಟಿನ ಮೆಟ್ಟಿಲ ಮೇಲೆ ಕೈಮುಗಿದು, "ತೋಟ ಚೆನ್ನಾಗ್ ಬೆಳ್ಸಿಕೊಟ್ರಿ ದೊಡ್ಡಪ್ಪ" ಎಂದೆ.

"ನಿನ್ ನಾಲ್ಗೆ ಸೇದೋಗ, ಹೋಗ್ಲಾ!" ಎಂದ.

ಮನೆಗೆ ಬಂದರೆ ಅವ್ವ, "ನೀರು ಹಾಕ್ದೋರು ಅವ್ರೇ ಕಣ್ಲಾ, ಪಾಪ. ಮೊದ್ಲ ಎಳನೀರು ಅವ್ರಿಗೇ ಕೊಟ್ಬಾ" ಅಂದಳು.

ಮಾತೃವಾಕ್ಯ ಪರಿಪಾಲನೆ ನನ್ನ ಪರಮ ಧರ್ಮ. ನಾಳೆ ಆ ಎಳನೀರಿಗೆ ವಿಭೂತಿ ಬಳಿದು, ತಟ್ಟೆಯಲ್ಲಿಟ್ಟು, ತಮಟೆ ಬಡಿಸುತ್ತ ಊರೆಲ್ಲ ಸುತ್ತಿಸಿ ಅವನ ಬಾಗಿಲಿಗೆ ಒಯ್ಯುತ್ತೇನೆ. ಪೂರ್ತಿ ಕುಡಿಯುವವರೆಗೂ ಅಲ್ಲಿಂದ ಕದಲುವುದಿಲ್ಲ. ತಮಟೆಯವನಿಗೆ ಈಗಲೇ ಫೋನು ಮಾಡಬೇಕು.