ಓಡಿಸಿಬಿಟ್ಟ ದೃಶ್ಯಗಳು

ಅಪ್ಪಾ,

ನೀವು ತೀರಿಹೋದ ಮೇಲೆ ಇವತ್ತು ಮಧ್ಯಾಹ್ನ ಮೊದಲ ಸಲ ಮಗಳು ವಿಂಧ್ಯಾಳ ಜೊತೆ ಕೂತು ಆ ದೈತ್ಯಪ್ರಾಣಿಗಳ ಸೀರೀಸ್ ನೋಡಿದೆ. ನೀವು ಗೋರ್ವಾದ ನಿಮ್ಮ ಮನೆ ಬಿಟ್ಟು ಬೋಪಾಲ್ ಬಡಾವಣೆಯ ನಮ್ಮ ಮನೆಗೆ ಬಂದ ಮೇಲೆ, ಭಾನುವಾರಗಳಲ್ಲಿ ನಾನು ನಿಮಗೆ ತೋರಿಸುತ್ತಿದ್ದದ್ದು ಅದನ್ನೇ.

ಐವತ್ತು ನಿಮಿಷದ ಕಂತಿನಲ್ಲಿ ಪ್ರಾಣಿ ಬರುವುದು ಐದೇ ನಿಮಿಷ. ಉಳಿದದ್ದೆಲ್ಲ ಮನುಷ್ಯರ ಜಗಳ, ಮಾತು. ಅದನ್ನೆಲ್ಲ ರಿಮೋಟ್ ಒತ್ತಿ ಓಡಿಸಿಬಿಡುತ್ತಿದ್ದೆ. ಅಷ್ಟು ವೇಗದ ಇಂಗ್ಲಿಷ್ ನಿಮಗೆ ಬೇಸರವೆಂದುಕೊಂಡಿದ್ದೆ. ಕನ್ನಡದಲ್ಲಿ ವಿವರಿಸುತ್ತ ಕೂರಲು ನನಗೇ ಬೇಸರವಿತ್ತೇನೋ.

ಇವತ್ತೂ ಓಡಿಸಹೋದೆ. ವಿಂಧ್ಯಾ ರಿಮೋಟ್ ಕಿತ್ತುಕೊಂಡಳು.

"ಮಮ್ಮಿ, ಬೇಡ! ಅಜ್ಜಂಗೆ ಇದೇ ಇಷ್ಟ ಇತ್ತು. ಸೋಮವಾರ ನಾನು ಸ್ಕೂಲಿಂದ ಬಂದ್ಮೇಲೆ ರಿವೈಂಡ್ ಮಾಡಿ ನೋಡ್ತಿದ್ವಿ."

"ಅವರ ಮಾತೆಲ್ಲ ಅಜ್ಜಂಗೆ ಯಾರು ಬಿಡಿಸಿ ಹೇಳ್ತಿದ್ರು, ನೀನಾ? ನಿನ್ನ ಕನ್ನಡದಲ್ಲಾ?"

"ಹಾಫ್ ಹಿಂದೀಲಿ. ಅಜ್ಜ ತುಂಬಾ ನಗ್ತಿದ್ರು. ಇದ್ರಲ್ಲಿ ಒಬ್ಬ ಹುಡುಗಿ ಅಪ್ಪನ ಜೊತೆ ಮಾತು ಬಿಟ್ಟಿರ್ತಾಳಲ್ಲ, 'ಆ ಹುಡುಗಿ ಅಪ್ಪನ ಜೊತೆ ಮಾತಾಡಿದ್ಳಾ?' ಅಂತ ಪ್ರತಿ ಸಲ ಕೇಳ್ತಿದ್ರು. ಮಾನ್‌ಸ್ಟರ್ ಬಂದ್ರೆ ಬೋರ್ ಅಂತ ಟೀ ಮಾಡೋಕೆ ಎದ್ದು ಹೋಗ್ತಿದ್ರು."

ನನ್ನ ಜೊತೆ ಕೂತಾಗ ನೀವು ಒಮ್ಮೆಯೂ ಏಳಲಿಲ್ಲ. ಪ್ರಾಣಿ ಕಟ್ಟಡ ಕೆಡವಿದಾಗಲೆಲ್ಲ "ಭೇಷ್!" ಅನ್ನುತ್ತಿದ್ದಿರಿ. ನಿಮಗೆ ಖುಷಿಯಾಯಿತೆಂದು ನಾನು ಮುಂದಿನದಕ್ಕೆ ಓಡಿಸುತ್ತಿದ್ದೆ.

ಇವತ್ತು ಏನನ್ನೂ ಓಡಿಸಲಿಲ್ಲ. ಕೊನೆಯ ಕಂತಿನಲ್ಲಿ ಆ ಹುಡುಗಿ ಅಪ್ಪನೆದುರು ಕೂತು ಮಾತಾಡಿದಳು, ಪೂರಾ ಹನ್ನೊಂದು ನಿಮಿಷ. ಆಮೇಲೆ ಪ್ರಾಣಿ ಬಂತು. ನಾನು ಎದ್ದು ಟೀ ಇಟ್ಟೆ.

ನಿಮ್ಮ
ಅಪೂರ್ವಾ