ಹನ್ನೊಂದು ದಿನ ತೆಗೆಯದ ವಿಡಿಯೋ

ಅವಸರದ ತಂಗಿಗೆ,

ಪತ್ರ ಬರೆಯುವಾಗ ಮೊದಲು ಕ್ಷೇಮ ವಿಚಾರಿಸಬೇಕೆಂದು ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಕಲಿಸಿದ್ದರು. ಹಾಗೆ ಶುರುಮಾಡಿ ಮೂರು ಹಾಳೆ ಹರಿದು ಹಾಕಿದೆ. ನಿನ್ನ ಕ್ಷೇಮ ಕೆಡಿಸಿದವಳೇ ಕೂತು ಕ್ಷೇಮವೇ ಎಂದು ಕೇಳಿದರೆ ಅದಕ್ಕಿಂತ ದೊಡ್ಡ ಅಣಕ ಬೇಡ. ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ, ಎತ್ತಬೇಕಾಗಿಯೂ ಇಲ್ಲ. ಈ ಲಕೋಟೆಯನ್ನು ನಿಮ್ಮ ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟು ಬರುತ್ತೇನೆ. ಅಂಟಿಸಿದ್ದೇನೆ. ನನ್ನ ನಾದಿನಿಗೂ ಓದಲು ಕೊಟ್ಟಿಲ್ಲ.

ನಾಲ್ಕು ವರ್ಷದಿಂದ ನೀನು, ಹರಿದ ಬಟ್ಟೆಯನ್ನು ಕಾಣದ ಹಾಗೆ ಸೇರಿಸಿಕೊಡುವ ನಮ್ಮ ರಫು ಅಂಗಡಿಗೆ ಬರುತ್ತಿದ್ದೆ. ಒಂದು ಕಾಲು ಒಳಗೆ, ಒಂದು ಕಾಲು ಬೀದಿಯಲ್ಲಿ. "ಸೂಜಿಯಕ್ಕಾ, ಬೇಗ, ಡ್ಯೂಟಿಗೆ ಹೊತ್ತಾಯ್ತು" ಎನ್ನುವುದು ನಿನ್ನ ನಮಸ್ಕಾರ. "ನಿನ್ನ ಅವಸರಕ್ಕೆ ಸೂಜಿಗೇ ಬೆವರು ಬರುತ್ತೆ, ಕೂತ್ಕೋ" ಎನ್ನುವುದು ನನ್ನದು. ಅಂಥವಳು ಆವತ್ತು ಒಳಗೆ ಬಂದು ನೀನೇ ಬಾಗಿಲು ಮುಂದೆ ಮಾಡಿದೆ. ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಪೂರ್ತಿ ಕುಳಿತೆ. ಪ್ಲಾಸ್ಟಿಕ್ ಕವರಿನಿಂದ ಬೂದು ಬಣ್ಣದ ಉಣ್ಣೆಯ ಶಾಲನ್ನು ತೆಗೆದು ನನ್ನ ತೊಡೆಯ ಮೇಲೆ ಹಾಸಿದೆ. ಅಂಚಿನ ಉದ್ದಕ್ಕೂ ನೀಲಿ ಎಲೆಗಳು, ನಡುವೆ ಬೆರಳುದ್ದದ ಸೀಳು. ಹರಿದದ್ದಲ್ಲ, ಕತ್ತರಿಸಿದ್ದು. ನನಗೆ ನೋಡಿದ ಕೂಡಲೇ ತಿಳಿಯಿತು. ನಾನು ಕೇಳಲಿಲ್ಲ. ನೀನೇ ಹೇಳಿದೆ.

ಎರಡು ಪಾಳಿ ಒಟ್ಟಿಗೆ ಮಾಡಿ ಮನೆಗೆ ಹೋದಾಗ, ನೆಂಟರು ಕೂತಿದ್ದಾಗ, ನಿಮ್ಮತ್ತೆ "ಬಂದ್ಯಾ? ಮನೆ ದಾರಿ ನೆನಪಿತ್ತಲ್ಲ, ಪುಣ್ಯ" ಎಂದರಂತೆ. ಎಲ್ಲರೂ ನಕ್ಕರಂತೆ. ನೀನೂ ನಕ್ಕು ಒಳಗೆ ಹೋದೆ. ಕುರ್ಚಿಯ ಬೆನ್ನಿಗೆ ಅವರ ಶಾಲು ತೂಗುತ್ತಿತ್ತು. ಯೂನಿಫಾರ್ಮಿನ ಜೇಬಿನಲ್ಲಿ ಬ್ಯಾಂಡೇಜ್ ಕತ್ತರಿಸುವ ಕತ್ತರಿ ಇತ್ತು. "ಒಂದೇ ಒಂದು ಸಲ ಅಕ್ಕಾ. ಕೈಗೆ ತಡೀಲಿಲ್ಲ. ಆಮೇಲೆ ಮಡಚಿ ಬ್ಯಾಗಿಗೆ ಹಾಕ್ಕೊಂಡೆ. ಅವರು ಅದನ್ನ ಎರಡು ವರ್ಷ ಹೆಣೆದಿದ್ದಾರೆ. ತೊಳೆಯೋಕೆ ಕೊಟ್ಟಿದೀನಿ ಅಂತ ಹೇಳಿದೀನಿ. ಅವರಿಗೆ ಗೊತ್ತಾಗಬಾರದು" ಎಂದೆ. ನಾನು ನಿನ್ನ ತಲೆ ಸವರಿ, ಗೊತ್ತಾಗದ ಹಾಗೆ ಮಾಡಿಕೊಡುತ್ತೇನೆ ಎಂದೆ. ದೇವರ ಆಣೆ ಎಂದೂ ಸೇರಿಸಿದೆ. ನೀನು ಕೇಳಿರಲಿಲ್ಲ, ನಾನೇ ಬಾಯಿ ತುಂಬ ಆಣೆ ಇಟ್ಟೆ.

ನನಗೆ ಈ ಕೆಲಸ ಕಲಿಸಿದ್ದು ನನ್ನ ಗಂಡನ ಸೋದರತ್ತೆ. ಬಟ್ಟೆಯ ಒಳಮಡಿಕೆಯಿಂದಲೇ ದಾರ ಬಿಡಿಸಿ, ಅದೇ ದಾರದಲ್ಲಿ ತೂತು ತುಂಬುವುದನ್ನು ಅವರು ಹೇಳಿಕೊಟ್ಟರು. ಅದರ ಜೊತೆಗೆ ಎರಡು ಕಟ್ಟುಪಾಡನ್ನೂ ಹಾಕಿದ್ದರು. ಹೇಗೆ ಹರಿಯಿತು ಎಂದು ಗಿರಾಕಿಯನ್ನು ಕೇಳಬಾರದು. ಕೆಲಸ ಮುಗಿಸಿ ಕೊಡುವಾಗ ಇಲ್ಲಿತ್ತು ನೋಡಿ ಎಂದು ಬೆರಳಿಡಬಾರದು. "ಅವರೇ ಹೇಳಿದರೆ ಕೇಳಿಸ್ಕೋ, ಸಾಯಂಕಾಲ ದಾರದ ಚೂರಿನ ಜೊತೆ ಗುಡಿಸಿ ಹಾಕು" ಎನ್ನುತ್ತಿದ್ದರು. ಸುಟ್ಟ ತೋಳು, ಕಚ್ಚಿದ ಕಾಲರು, ಎಳೆದು ಕಿತ್ತ ಗುಂಡಿ, ಇಪ್ಪತ್ತಾರು ವರ್ಷದಲ್ಲಿ ಈ ಕಣ್ಣು ಏನೆಲ್ಲ ನೋಡಿಲ್ಲ. ನನ್ನ ಗಂಡನಿಗೂ ಒಂದನ್ನೂ ಹೇಳಿರಲಿಲ್ಲ. ಹೇಳದೆ ಇದ್ದದ್ದನ್ನು ಒಂದೇ ಸಲಕ್ಕೆ ಲೋಕಕ್ಕೆಲ್ಲ ಹೇಳಿಬಿಟ್ಟೆ.

ತಪ್ಪನ್ನು ನಾದಿನಿಯ ಮೇಲೆ ಹಾಕುವುದು ಸುಲಭ, ಹಾಕುವುದಿಲ್ಲ. ಅಂಗಡಿಗೆ ಜನ ಬರುವುದು ನಿಂತುಹೋಗಿತ್ತು. ಹರಿದರೆ ಎಸೆದು ಹೊಸದು ತರುವ ಕಾಲ. ವಾರದಲ್ಲಿ ಎರಡು ಪ್ಯಾಂಟು, ಒಂದು ಜಿಪ್ಪು ಬಂದರೆ ಹಬ್ಬ. ಆಗ ಅವಳು ಫೋನು ಹಿಡಿದುಕೊಂಡು ಬಂದಳು. "ಅತ್ತಿಗೆ, ನಿಮ್ಮ ಕೈ ಕೆಲಸ ನಾಲ್ಕು ಜನ ನೋಡ್ಲಿ. ನಾನು ವಿಡಿಯೋ ತೆಗೀತೀನಿ, ನೀವು ಬ್ಲಾಗಿಗೆ ಬರೀರಿ. ನಿಮ್ಮ ಮಾತು ಚೆನ್ನಾಗಿರುತ್ತೆ" ಎಂದಳು. ಬ್ಲಾಗ್ ಎಂದರೆ ಏನೆಂದು ನನಗೇನು ಗೊತ್ತು? ಯಾರು ಬೇಕಾದರೂ ಓದಬಹುದಾದ ದಿನಚರಿ ಎಂದಳು. "ಯಾರು ಬೇಕಾದ್ರೂ ಓದೋದಾದ್ರೆ ಅದು ದಿನಚರಿ ಹೇಗಾಯ್ತೇ?" ಎಂದು ನಾನು ನಕ್ಕಿದ್ದೆ. ಆ ನಗುವಿನಲ್ಲಿದ್ದ ಬುದ್ಧಿ ಆಮೇಲೆ ಎಲ್ಲಿಗೆ ಹೋಯಿತೋ.

ಮೊದಲ ಎಂಟು ವಿಡಿಯೋಗಳನ್ನು ನೋಡಿದ್ದು ನಮ್ಮ ಮನೆಯವರು, ನಮ್ಮ ಮನೆಯವರ ಒತ್ತಾಯಕ್ಕೆ ಸಿಕ್ಕಿದವರು. "ಬರೀ ತೂತು ತೋರಿಸಿದ್ರೆ ಯಾರು ನೋಡ್ತಾರೆ ಅತ್ತಿಗೆ? ತೂತಿಗೊಂದು ಕಥೆ ಬೇಕು" ಎಂದಳು ನಾದಿನಿ. ಆಗ ನಿನ್ನ ಶಾಲು ನನ್ನ ಮೇಜಿನ ಮೇಲಿತ್ತು. ಅದರ ಕೆಲಸ ನಿಜವಾಗಿಯೂ ಚೆನ್ನಾಗಿ ಬಂದಿತ್ತು ತಂಗಿ. ಹೆಣಿಗೆಯ ಒಂದೊಂದು ಕುಣಿಕೆ ಎಣಿಸಿ, ಅಂಚಿನ ಒಳಗಿಂದ ಉಣ್ಣೆ ಬಿಡಿಸಿ ಮೂರು ದಿನ ಕೂತು ಸೇರಿಸಿದ್ದೆ. ನನಗೇ ಹುಡುಕಿದರೆ ಸಿಗುತ್ತಿರಲಿಲ್ಲ. ಇಂಥ ಕೆಲಸ ಮಾಡಿದ್ದೇನೆಂದು ಯಾರಿಗೂ ಗೊತ್ತೇ ಆಗುವುದಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಹುಟ್ಟಿತು. ನನ್ನ ಕೆಲಸದ ಮೇಲೆ ನನಗೇ ಹೊಟ್ಟೆಕಿಚ್ಚು.

ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಅಷ್ಟಕ್ಕೇ ಪಾಪ ತಗಲುವುದಿಲ್ಲ ಎಂದುಕೊಂಡೆ. ಆದರೆ ಆಸ್ಪತ್ರೆಯಲ್ಲಿ ದುಡಿಯುವ ಸೊಸೆ ಎಂದು ಬರೆದವಳು ನಾನು. ಬ್ಯಾಂಡೇಜ್ ಕತ್ತರಿ ಎಂದು ಬರೆದವಳು ನಾನು. "ಮನೆ ದಾರಿ ನೆನಪಿತ್ತಲ್ಲ" ಎಂಬ ಮಾತನ್ನೂ ಬಿಡಲಿಲ್ಲ. ನಾದಿನಿ "ಇಷ್ಟೆಲ್ಲ ಬೇಕಾ ಅತ್ತಿಗೆ?" ಎಂದು ಒಂದು ಸಲ ಕೇಳಿದಳು. "ಇಲ್ಲದಿದ್ರೆ ಜೀವ ಬರಲ್ಲ ಕಣೇ, ನೀನು ಟೈಪ್ ಮಾಡು" ಎಂದೆ. ವಿಡಿಯೋದಲ್ಲಿ ಆ ಸೀಳು ಇದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿದ್ದು ಈ ಕೈ. ಕೊನೆಯಲ್ಲಿ, ಸಿಟ್ಟಿನಲ್ಲಿ ಕತ್ತರಿಸಿದ ಸೊಸೆ ಪ್ರೀತಿಯಿಂದ ಸರಿಮಾಡಿಸಿದಳು, ದೇವರು ದೊಡ್ಡವನು ಎಂದು ದೇವರನ್ನೂ ಎಳೆದು ತಂದೆ.

ಶಾಲು ನಿನಗೆ ಕೊಟ್ಟು ವಾರ ಕಳೆದ ಮೇಲೆ ಅದನ್ನು ಹಾಕಿದೆವು, ಎರಡೇ ದಿನದಲ್ಲಿ ಲಕ್ಷ ಜನ ನೋಡಿದರು. ಕಾಮೆಂಟುಗಳನ್ನು ನಾದಿನಿ ಓದಿ ಹೇಳುತ್ತಿದ್ದಳು, ಆಮೇಲೆ ನಾನೇ ಓದತೊಡಗಿದೆ, ಪ್ರಾರ್ಥನೆಯ ಹಾಗೆ ದಿನಕ್ಕೆ ಮೂರು ಹೊತ್ತು. "ಬಂಗಾರದ ಕೈ ಅಮ್ಮಾ ನಿಮ್ಮದು" ಎಂದಿದ್ದರು ಒಬ್ಬರು. ಅದರ ಕೆಳಗೇ "ಇಂಥ ಸೊಸೆಯನ್ನ ಮನೆಯಲ್ಲಿ ಇಟ್ಟುಕೊಳ್ಳಬಾರದು" ಎಂದೂ ಇತ್ತು, "ಆ ಮುದುಕಿಗೆ ಹಾಗೇ ಆಗಬೇಕು" ಎಂದೂ ಇತ್ತು. ಬಂಗಾರದ ಕೈ ನನಗೆ ಕಾಣಿಸಿತು, ಉಳಿದೆರಡು ಕಣ್ಣಿಗೆ ಬಿದ್ದರೂ ಕಾಣಿಸಲಿಲ್ಲ. ದೂರದೂರದಿಂದ ಪಾರ್ಸೆಲ್ಲುಗಳು ಬಂದವು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು. ಆ ಶುಕ್ರವಾರ ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ನಿಂತು, ಕೊನೆಗೂ ನನ್ನ ಕಡೆ ನೋಡಿದೆಯಲ್ಲಪ್ಪಾ ಎಂದು ಕಣ್ಣೀರು ಹಾಕಿದೆ. ಅದೇ ಶುಕ್ರವಾರ ಬೆಳಿಗ್ಗೆ ನಿನ್ನ ಗಂಡನ ಅಕ್ಕ ಆ ವಿಡಿಯೋವನ್ನು ಮನೆಮಂದಿಯ ಗುಂಪಿಗೆ ಹಾಕಿದ್ದರು. ಅಂಚಿನ ನೀಲಿ ಎಲೆಗಳಲ್ಲಿ ಒಂದು ತಲೆಕೆಳಗಾಗಿದೆಯಂತೆ, ಹೆಣೆಯುವಾಗ ತಪ್ಪಿದ್ದು, ಮನೆಯವರೆಲ್ಲರಿಗೂ ಗೊತ್ತಿದ್ದದ್ದು. ನೀನು ಅಲ್ಲಿ ಎಲ್ಲರ ಮುಂದೆ ನಿಂತಿದ್ದಾಗ ನಾನು ಇಲ್ಲಿ ದೇವರಿಗೆ ಕೈಮುಗಿಯುತ್ತಿದ್ದೆ. ಇದನ್ನು ನೆನೆದಾಗ ಕೈ ಜೋಡಿಸಲು ಭಯವಾಗುತ್ತದೆ.

ನೀನು ಫೋನು ಮಾಡಿದೆ. ಬೈಯಲಿಲ್ಲ. "ಅಕ್ಕಾ, ಅತ್ತೆ ಬಟ್ಟೆ ತಗೊಂಡು ಅತ್ತಿಗೆ ಮನೆಗೆ ಹೊರಟುಹೋದ್ರು. ನಮ್ಮವರು ನನ್ನ ಜೊತೆ ಮಾತಾಡ್ತಿಲ್ಲ. ಅದನ್ನ ತೆಗೆದುಬಿಡಿ, ಅಷ್ಟು ಸಾಕು" ಎಂದೆ. ನಾನು ಹೇಳಿದೆ, "ಅಯ್ಯೋ ತಂಗಿ, ನನಗೆ ತೆಗೆಯೋಕೆ ಬರಲ್ಲ, ನಾದಿನಿ ಊರಲ್ಲಿಲ್ಲ, ಬಂದ ಕೂಡಲೇ ತೆಗೆಸ್ತೀನಿ" ಎಂದು.

ಈ ಪತ್ರ ಬರೆಯುತ್ತಿರುವುದೇ ಮುಂದಿನ ಈ ಮಾತಿಗೆ. ನನಗೆ ತೆಗೆಯಲು ಬರುತ್ತಿತ್ತು. ನಾದಿನಿ ನನ್ನ ಪಕ್ಕದಲ್ಲೇ ಕೂತು ಪಾರ್ಸೆಲ್ಲಿಗೆ ವಿಳಾಸ ಬರೆಯುತ್ತಿದ್ದಳು. ನನ್ನ ಮಾತು ಕೇಳಿ ತಲೆ ಎತ್ತಿದಳು, ಮತ್ತೆ ವಿಳಾಸ ಬರೆಯಲು ಬಗ್ಗಿದಳು. ವಿಡಿಯೋ ಇನ್ನೂ ಓಡುತ್ತಿತ್ತು ತಂಗಿ. ಈ ವಾರ ಒಂದು ಇರಲಿ, ಈ ಪಾರ್ಸೆಲ್ಲುಗಳು ಒಂದಿಷ್ಟು ಬರಲಿ ಎಂದುಕೊಂಡೆ. ವಾರ ಮುಗಿದ ಮೇಲೆ, ಹೇಗೂ ನೋಡಬೇಕಾದವರು ನೋಡಿಯಾಯಿತಲ್ಲ ಎಂದುಕೊಂಡೆ. ನೀನು ಮತ್ತೆರಡು ಸಲ ಮೆಸೇಜು ಕಳಿಸಿದೆ. ಎರಡನೆಯದಕ್ಕೆ ಉತ್ತರವನ್ನೇ ಕೊಡಲಿಲ್ಲ. ಹನ್ನೊಂದು ದಿನ. ಶಾಲಿನ ಕಥೆ ಹೇಳಿದ್ದನ್ನು ತಪ್ಪು ಎನ್ನಬಹುದು, ಬುದ್ಧಿ ಇರಲಿಲ್ಲ ಎನ್ನಬಹುದು. ಈ ಹನ್ನೊಂದು ದಿನ ಬುದ್ಧಿ ಇಟ್ಟುಕೊಂಡೇ ಮಾಡಿದ್ದು.

ಹನ್ನೊಂದನೇ ದಿನ ನೀನೇ ಬಂದೆ. ನಿನ್ನನ್ನು ನಾನು ಕಂಡೆ. ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಜೋರಾಗಿ, "ಆ ಕತ್ತರಿ ಸೊಸೆ ಶಾಲು ಹೊಲಿದವರು ನೀವೇನಾ? ಅವಳು ಇದೇ ಬೀದಿಯವಳಂತೆ ಹೌದಾ?" ಎಂದು ಕೇಳಿದಳು. ನೀನು ಅವಳ ಹಿಂದೆ, ಯೂನಿಫಾರ್ಮಿನಲ್ಲಿ, ಒಂದು ಗೇಣು ದೂರದಲ್ಲಿ. ನನ್ನನ್ನು ನೋಡಿದೆ. ತಿರುಗಿ ಹೋದೆ. ನಾನು ಎದ್ದು ಓಡಿ ಬರಲಿಲ್ಲ, ಗಿರಾಕಿ ಮುಂದೆ ಕೂತೇ ಇದ್ದೆ. ಅವಳು ಹೋದ ಮೇಲೆ ಹೆಬ್ಬೆರಳಿನಿಂದ ಆ ವಿಡಿಯೋವನ್ನೂ ಬರಹವನ್ನೂ ತೆಗೆದೆ. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಆದರೆ ಅಷ್ಟರಲ್ಲಿ ಯಾರ್‍ಯಾರೋ ಅದನ್ನು ಇಳಿಸಿಕೊಂಡು ತಮ್ಮ ತಮ್ಮ ಹೆಸರಿನಲ್ಲಿ ಹಾಕಿದ್ದರು. ಒಬ್ಬ ಅದಕ್ಕೆ ಹಾಡೂ ಸೇರಿಸಿದ್ದ. ನಾನು ತೆಗೆದದ್ದು ನನ್ನ ಮನೆಯ ಗೋಡೆಯ ಮೇಲಿದ್ದದ್ದನ್ನು ಮಾತ್ರ.

ನಾದಿನಿ, "ಕ್ಷಮೆ ಕೇಳೋ ವಿಡಿಯೋ ಒಂದು ಮಾಡೋಣ ಅತ್ತಿಗೆ, ಜನರಿಗೆ ಸತ್ಯ ತಿಳೀಲಿ" ಎಂದಳು. "ಅದೂ ಚೆನ್ನಾಗೇ ಓಡುತ್ತೆ" ಎಂದೂ ಸೇರಿಸಿದಳು. ಹೇಳಿದ ಮೇಲೆ ಅವಳ ಮುಖವೇ ಕಪ್ಪಾಯಿತು. ಇಬ್ಬರೂ ಆ ದಿನ ಊಟ ಮಾಡಲಿಲ್ಲ.

ಕಳೆದ ಭಾನುವಾರ ನಿನ್ನ ಗಂಡನ ಅಕ್ಕನ ಮನೆಗೆ ಹೋದೆ. ನಿನ್ನನ್ನು ಕೇಳದೆ ಹೋದೆ, ಇದೂ ತಪ್ಪೇ ಇರಬಹುದು. ನಿಮ್ಮತ್ತೆ ಕಿಟಕಿಯ ಪಕ್ಕ ಕೂತಿದ್ದರು, ಶಾಲು ಹೊದ್ದುಕೊಂಡು. ಅದೇ ಶಾಲು. ನಾನು ಯಾರೆಂದು ಹೇಳಿ ಕಾಲಿಗೆ ಬಿದ್ದೆ. ಕಾಲು ಹಿಂದಕ್ಕೆ ಎಳೆದುಕೊಂಡರು. "ಏಳಮ್ಮ, ಸೊಂಟ ಹಿಡ್ಕೊಂಡ್ರೆ ನಿನ್ನನ್ನ ಎತ್ತೋರು ಯಾರು?" ಎಂದರು.  ಅವರ ಬಾಯಿಂದ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

"ಶಾಲು ವಾಪಸ್ ಬಂದ ದಿನಾನೇ ನನಗೆ ಗೊತ್ತಾಯ್ತು. ನೀನು ಚೆನ್ನಾಗೇ ಮಾಡಿದೀಯ, ಕಣ್ಣಿಗೆ ಕಾಣಲ್ಲ. ಆದ್ರೆ ನನ್ನ ಹೆಣಿಗೆ ಸಡಿಲ, ನಿನ್ನದು ಬಿಗಿ. ಕೈ ಆಡಿಸಿದ್ರೆ ತಿಳಿಯುತ್ತೆ. ಕತ್ತರಿಸಿದ್ದು ಯಾರು, ಯಾಕೆ ಅಂತ ಯಾರಾದ್ರೂ ಹೇಳ್ಬೇಕಾ? ನಾನು ಆಡಿದ ಮಾತು ನನಗೆ ನೆನಪಿತ್ತು. ಅವಳು ಸರಿಮಾಡಿಸಿ ತಂದಿದಾಳೆ, ನಾನು ಹೊದ್ಕೊಂಡಿದೀನಿ. ಅಲ್ಲಿಗೆ ಮುಗೀತು ಅಂದ್ಕೊಂಡೆ. ಆಮೇಲೆ ಎರಡು ವಾರ ಅವಳಿಗೆ ಬಿಸಿನೀರು ನಾನೇ ಕಾಯಿಸಿಡ್ತಿದ್ದೆ. ಅವಳಿಗೂ ಏನೋ ಹೊಳೆದಿರಬೇಕು, ಕೇಳಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ವಿ, ಚೆನ್ನಾಗಿದ್ವಿ. ನೀನು ಬಂದು ಲೋಕಕ್ಕೆಲ್ಲ ಹೇಳ್ದೆ. ಇನ್ನು ನೆಂಟರು ಫೋನ್ ಮಾಡಿ ಏನ್ ಮಾಡ್ತೀಯ ಅಂತ ಕೇಳ್ತಾರೆ. ಸಿಟ್ಟು ಮಾಡ್ಕೊಳ್ದಿದ್ರೆ ಮರ್ಯಾದೆ ಇಲ್ಲದವಳು ಅಂತಾರೆ. ಅದಕ್ಕೇ ಬಂದು ಇಲ್ಲಿ ಕೂತಿದೀನಿ. ಸಿಟ್ಟು ಇಲ್ಲ ಅಂತಲ್ಲ. ಇದೆ. ಆದ್ರೆ ಅರ್ಧ ಊರವರದ್ದು."

 ಇದನ್ನು ನಿಮ್ಮ ಸೊಸೆಗೆ ತಿಳಿಸಬಹುದೇ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಹೀಗೆ ಕೇಳಿದ್ದು ಇದೇ ಮೊದಲು. ಅವರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಯೋಚಿಸಿದರು. "ಬರಿ. ಅವಳಿಗೆ ಮಾತ್ರ. ಮಗ ಕರೆಯೋಕೆ ಬಂದ್ರೆ ನಾನು ಬರಲ್ಲ ಅಂತಾನೂ ಬರಿ. ಕರ್ಕೊಂಡು ಹೋಗೋದಾದ್ರೆ ಅವಳೇ ಬರಲಿ. ಡ್ಯೂಟಿ ಮುಗಿಸ್ಕೊಂಡು ನಿಧಾನಕ್ಕೆ ಬರಲಿ" ಎಂದರು.

ವಿಡಿಯೋ ಮಾಡುವುದನ್ನು ನಿಲ್ಲಿಸಿದ್ದೇನೆ ಎಂದು ಬರೆದರೆ ನಿನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ, ಆದರೆ ನಿಲ್ಲಿಸಿಲ್ಲ. ಅಂಗಡಿ ನಡೆಯಬೇಕು. ಈಗ ನಮ್ಮ ಮನೆಯ ಹಳೇ ಬಟ್ಟೆಗೆ ನಾನೇ ತೂತು ಮಾಡಿ, ಅದನ್ನು ಮುಚ್ಚುವುದು ಹೇಗೆಂದು ತೋರಿಸುತ್ತೇನೆ. ನೋಡುವವರು ಕಡಿಮೆ. ಗಿರಾಕಿಗಳ ಬಟ್ಟೆ ಫೋನಿನ ಮುಂದೆ ಬರುವುದಿಲ್ಲ, ಅವರು ಒಪ್ಪಿದರೂ ಬರುವುದಿಲ್ಲ. ಇದನ್ನು ನಿನಗಾಗಿ ಮಾಡುತ್ತಿದ್ದೇನೆ ಎನ್ನಲಾರೆ. ನಿನಗೆ ಮಾಡಬೇಕಾಗಿದ್ದ ಹೊತ್ತಿನಲ್ಲಿ ಮಾಡಲಿಲ್ಲ.

ಕ್ಷಮಿಸು ಎಂಬ ಮಾತನ್ನು ಇಲ್ಲಿ ಬರೆದಿದ್ದೆ, ಹೊಡೆದು ಹಾಕಿದೆ. ನಿನಗೆ ಈಗ ಮಾಡಬೇಕಾದ ಬೇರೆ ಕೆಲಸವಿದೆ, ನನ್ನದನ್ನು ಅದರ ಮೇಲೆ ಹೇರಲಾರೆ. ನಿಮ್ಮತ್ತೆ ಈ ಭಾನುವಾರ ಮಧ್ಯಾಹ್ನ ಮಗಳ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಜೊತೆಗೆ ಬರಲೇ ಎಂದು ಕೇಳುವ ಆಸೆಯಿತ್ತು. ಬರುವುದಿಲ್ಲ. ಏನಾಯಿತೆಂದು ನನಗೆ ತಿಳಿಸಲೂ ಬೇಡ. ದಾರಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸಿಕೊಂಡು ಹೋಗು, ನನಗೆ ಏನೂ ಅನ್ನಿಸುವುದಿಲ್ಲ.

ಆ ಕೋಣೆಯಲ್ಲಿ ನೀವಿಬ್ಬರು ಏನು ಆಡುತ್ತೀರೋ, ಅದು ನಿಮ್ಮಿಬ್ಬರಲ್ಲೇ ಉಳಿಯಲಿ. ಮೂರನೆಯವರ ಕಿವಿ ಆ ಬಾಗಿಲ ಹತ್ತಿರವೂ ಸುಳಿಯದ ಹಾಗೆ ದೇವರು ಕಾಯಲಿ.

ನಿನಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಾಗದ,
ಸೂಜಿಯಕ್ಕ